18 ಸಾವಿರದ ಗಿಟಾರ್, 85 ಸಾವಿರದ ಗಿಟಾರ್: ದುಡ್ಡು ಹೋಗುವುದು ಎಲ್ಲಿಗೆ?

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ವೀಣೆ ಕಲಿತಳು, ಈಗ ಎರಡು ವರ್ಷದಿಂದ ಅಕೂಸ್ಟಿಕ್ ಗಿಟಾರ್ ನುಡಿಸುತ್ತಾಳೆ. ಎಲೆಕ್ಟ್ರಿಕ್ ಗಿಟಾರ್ ಬೇಕೆಂದು ಹಟ ಹಿಡಿದಿದ್ದಾಳೆ. ಬೆಂಗಳೂರಿನ ಅಂಗಡಿಯೊಂದರಲ್ಲಿ 18 ಸಾವಿರದ್ದನ್ನೂ 85 ಸಾವಿರದ್ದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ನನ್ನ ಕಣ್ಣಿಗೆ ಆಕಾರ, ಬಣ್ಣ ಎಲ್ಲ ಒಂದೇ. 'ಅಗ್ಗದ್ದು ಆರು ತಿಂಗಳಿಗೆ ಹಾಳಾಗುತ್ತೆ, ಮರ ಚೆನ್ನಾಗಿರಲ್ಲ, ಸೌಂಡ್ ಬರಲ್ಲ' ಎಂದರು ಅಂಗಡಿಯವರು. 'ಅಗ್ಗದ್ದೇ ತಗೊಂಡು ಪಿಕಪ್ ಬದಲಾಯಿಸಿದ್ರೆ ಅದರಷ್ಟೇ ಆಗುತ್ತೆ ಅಂಕಲ್' ಎನ್ನುತ್ತಾನೆ ಮಗಳ ಸ್ನೇಹಿತ. ನಮ್ಮ ಕೈಲಾಗುವುದು ಎಲ್ಲ ಸೇರಿ 35 ಸಾವಿರ. ವೀಣೆಯಲ್ಲಿ ಕಲಿತ ಗಮಕಗಳನ್ನು ಗಿಟಾರಿನಲ್ಲಿ ತರಬೇಕೆಂಬುದು ಅವಳ ಆಸೆ. ಯಾವುದನ್ನು ಕೊಳ್ಳಲಿ? ಸೆಕೆಂಡ್ ಹ್ಯಾಂಡ್ ನೋಡಲೇ, ಇನ್ನೊಂದು ವರ್ಷ ಕಾದು ದುಡ್ಡು ಕೂಡಿಸಲೇ? (ದಾವಣಗೆರೆಯ ಓದುಗರು)

ಉತ್ತರ: ಕಾಯುವುದು ಬೇಡ. 35 ಸಾವಿರದೊಳಗೆ ನಿಮ್ಮ ಮಗಳು ಡಿಗ್ರಿ ಮುಗಿಸುವವರೆಗೂ ನೆಮ್ಮದಿಯಿಂದ ನುಡಿಸುವಂಥ ವಾದ್ಯ ಸಿಗುತ್ತದೆ. ಆದರೆ ಅಂಗಡಿಯವರು ಹೇಳಿದ್ದರಲ್ಲೂ ಸ್ನೇಹಿತ ಹೇಳಿದ್ದರಲ್ಲೂ ಅರ್ಧವಷ್ಟೇ ನಿಜ. ಅದನ್ನು ಪೂರ್ತಿ ನಂಬಿದರೆ ಇರುವ ದುಡ್ಡು ಬೇಡದ ಕಡೆ ಖರ್ಚಾಗುತ್ತದೆ.

ನಿಮ್ಮ ಆತಂಕದೊಳಗೆ ಮೂರು ಪ್ರಶ್ನೆಗಳು ಕಲೆತುಕೊಂಡಿವೆ. ನಾದ ಚೆನ್ನಾಗಿರುತ್ತದೆಯೇ? ಬೆರಳಿಗೆ ಹಗುರವಾಗಿದ್ದು ಶ್ರುತಿಯಲ್ಲಿ ನಿಲ್ಲುತ್ತದೆಯೇ? ಬಾಳಿಕೆ ಬರುತ್ತದೆಯೇ? ಅಂಗಡಿಯಲ್ಲಿ ಮಾತೆಲ್ಲ ಮೊದಲನೆಯದರ ಸುತ್ತಲೇ ನಡೆಯುತ್ತದೆ. ಅಗ್ಗದ ಗಿಟಾರ್ ಹೆಚ್ಚಾಗಿ ಸೋಲುವುದು ಎರಡನೆಯದರಲ್ಲಿ. ಹದಿನೈದು-ಇಪ್ಪತ್ತು ಸಾವಿರದ ಗಿಟಾರಿನಲ್ಲಿ ಕಾರ್ಖಾನೆ ಉಳಿಸಿರುವುದು ಮುಖ್ಯವಾಗಿ ಕೈಕೆಲಸದ ಸಮಯವನ್ನು. ಆ ಬಾಕಿ ಕೆಲಸದಲ್ಲಿ ಬಹುಪಾಲನ್ನು ಮೂರು-ನಾಲ್ಕು ಸಾವಿರ ಕೊಟ್ಟು ಇಲ್ಲೇ ಮಾಡಿಸಬಹುದು. ಕೆಲವನ್ನು ಎಷ್ಟು ಕೊಟ್ಟರೂ ಮಾಡಿಸಲಾಗದು. ಅಂಗಡಿಯಲ್ಲೇ ಇವೆರಡನ್ನೂ ಬೇರೆ ಮಾಡಿ ನೋಡುವುದು ಹೇಗೆಂದು ತಿಳಿದರೆ ಸಾಕು.

ಮರ, ದೇಶ, ಹೆಸರು

ವೀಣೆಯಲ್ಲಿ ಹಲಸಿನ ಕೊಡವೇ ನಾದ ಕೊಡುತ್ತದೆ, ಅಕೂಸ್ಟಿಕ್ ಗಿಟಾರಿನಲ್ಲಿ ಮೇಲ್ಹಲಗೆ ಅದುರಿ ನಾದ ಕೊಡುತ್ತದೆ. ಎಲೆಕ್ಟ್ರಿಕ್ ಗಿಟಾರಿನ ವ್ಯವಸ್ಥೆಯೇ ಬೇರೆ. ತಂತಿಗಳ ಕೆಳಗಿನ ಪಿಕಪ್‌ನಲ್ಲಿ ಅಯಸ್ಕಾಂತವೂ ಅದರ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಉಕ್ಕಿನ ತಂತಿ ಆ ಕಾಂತಕ್ಷೇತ್ರದಲ್ಲಿ ಅದುರಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಆಂಪ್‌ಗೆ (ನಾದ ದೊಡ್ಡದು ಮಾಡಿ ಕೇಳಿಸುವ, ಸ್ಪೀಕರ್ ಇರುವ ಪೆಟ್ಟಿಗೆ) ಹೋಗುವುದು ಆ ವಿದ್ಯುತ್ತು. ದಿಮ್ಮಿಯ, ಎಂದರೆ ಗಿಟಾರಿನ ಒಡಲಿನ ಮರ ನಾದವನ್ನು ಎಷ್ಟು ಬದಲಿಸುತ್ತದೆ ಎಂಬ ವಾದ ಇನ್ನೂ ನಿಂತಿಲ್ಲ. ಆದರೆ ಪಿಕಪ್ಪಿನ ಎತ್ತರವನ್ನು ಒಂದು ಮಿಲಿಮೀಟರ್ ಬದಲಿಸಿದರೆ, ಇಲ್ಲವೇ ಬೇರೆ ಸ್ಪೀಕರಿಗೆ ಜೋಡಿಸಿದರೆ ಕೇಳುವ ವ್ಯತ್ಯಾಸದ ಮುಂದೆ ಅದು ತೀರಾ ಚಿಕ್ಕದು.

ಹಾಗೆಂದು ಮರಕ್ಕೆ ಬೆಲೆಯೇ ಇಲ್ಲ ಎಂದಲ್ಲ. ಅಗ್ಗದವುಗಳ ದಿಮ್ಮಿ ಹೆಚ್ಚಾಗಿ ಪಾಪ್ಲರ್ ಅಥವಾ ಬಾಸ್‌ವುಡ್. ಎರಡೂ ಮೆದು ಮರಗಳು. ಪದೇ ಪದೇ ಬಿಚ್ಚಿ ಹಾಕಿದರೆ ಸ್ಕ್ರೂ ರಂಧ್ರ ಸಡಿಲವಾಗುತ್ತದೆ, ಬೆಲ್ಟ್ ಸಿಕ್ಕಿಸುವ ಗುಬಟು ಕಿತ್ತು ಬರುತ್ತದೆ. ರಂಧ್ರಕ್ಕೆ ಮರದ ಅಂಟು ಹಚ್ಚಿದ ಎರಡು ಕಡ್ಡಿ ತುರುಕಿ, ಒಂದು ರಾತ್ರಿ ಒಣಗಿಸಿ ಮತ್ತೆ ಸ್ಕ್ರೂ ಹಾಕಿದರೆ ಸರಿಹೋಗುತ್ತದೆ. ಮರದ ಗುಣ ನಿಜಕ್ಕೂ ಲೆಕ್ಕಕ್ಕೆ ಬರುವುದು ನೆಕ್‌ನಲ್ಲಿ, ಎಂದರೆ ತಂತಿಗಳು ಹಾಯುವ ಉದ್ದ ಕತ್ತಿನಲ್ಲಿ. ಹದವಾಗಿ ಒಣಗಿಸದ ಮೇಪಲ್ ಮರದ ನೆಕ್ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಬಾಗಬಹುದು, ಇನ್ನೂ ಕೆಟ್ಟದಾಗಿ, ತಿರುಚಿಕೊಳ್ಳಬಹುದು. 'ಆರು ತಿಂಗಳಿಗೆ ಹಾಳು' ಎಂಬ ಮಾತಿನಲ್ಲಿ ಸತ್ಯವಿರುವುದು ಇಷ್ಟೇ.

ಬೆರಳಿಡುವ ಪಟ್ಟಿಯ ಬಗ್ಗೆಯೂ ಒಂದು ಮಾತು. ದುಬಾರಿ ಗಿಟಾರಿನಲ್ಲಿ ಬೀಟೆ ಮರ, ಅಗ್ಗದ್ದರಲ್ಲಿ 'ಇಂಡಿಯನ್ ಲಾರೆಲ್' ಎಂದು ಬರೆದಿರುತ್ತಾರೆ. ಈ ಲಾರೆಲ್ ನಮ್ಮ ಮಲೆನಾಡಿನ ಮತ್ತಿ ಮರವೇ. 2017ರ ಜನವರಿಯಲ್ಲಿ ಅಪಾಯದಲ್ಲಿರುವ ಸಸ್ಯ-ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ಸಾಗಾಟಕ್ಕೆ ಪರವಾನಗಿ ಕಡ್ಡಾಯವಾಯಿತು. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಸ್ಕ್ವಾಯರ್, ಎಪಿಫೋನ್‌ನಂಥ ಬ್ರ್ಯಾಂಡ್‌ಗಳ ಅನೇಕ ಮಾದರಿಗಳು ಮತ್ತಿಗೆ ಹೊರಳಿದ್ದವು. ಮತ್ತಿ ಗಟ್ಟಿ ಮರ, ಬೆರಳಿನ ಕೆಳಗೆ ಸವೆಯುವುದಿಲ್ಲ. ಸ್ವಲ್ಪ ಒಣಗಿದಂತೆ ಕಾಣುತ್ತದೆ. ವರ್ಷಕ್ಕೆರಡು ಸಲ ಕೆಲವೇ ಹನಿ ಮಿನರಲ್ ಆಯಿಲ್ ಸವರಿ ಒರೆಸಿದರೆ ಮುಗಿಯಿತು. ಈ ಕಾರಣಕ್ಕೆ ಅಗ್ಗದ್ದನ್ನು ತಳ್ಳಿಹಾಕಬೇಡಿ.

'ಚೀನಾ ಮಾಲು, ಇಂಡೊನೇಷ್ಯಾ ಮಾಲು' ಎಂಬ ತಾತ್ಸಾರಕ್ಕೂ ಈಗ ಆಧಾರ ಉಳಿದಿಲ್ಲ. ದಿಮ್ಮಿ ಕೊರೆಯುವುದು, ಫ್ರೆಟ್ (ಸ್ವರದ ಜಾಗ ಗುರುತಿಸುವ ಲೋಹದ ಪಟ್ಟಿ) ಕೂರಲು ಗಾಡಿ, ಎಂದರೆ ಸಣ್ಣ ಸೀಳು ಹೊಡೆಯುವುದು ಎಲ್ಲ ಕಡೆಯೂ ಕಂಪ್ಯೂಟರ್ ನಿಯಂತ್ರಿತ ಯಂತ್ರದ ಕೆಲಸ. ಅದು ಇಂಡೊನೇಷ್ಯಾದ ಸುರಬಾಯಾದಲ್ಲಿದ್ದರೂ ಕ್ಯಾಲಿಫೋರ್ನಿಯಾದಲ್ಲಿದ್ದರೂ ಮಿಲಿಮೀಟರಿನ ಸಣ್ಣ ಭಾಗದ ನಿಖರತೆಯಲ್ಲೇ ಕೊರೆಯುತ್ತದೆ. ಕೊರಿಯಾದ ಕಾರ್ಟ್ ಕಂಪನಿ ಇಂಡೊನೇಷ್ಯಾದಲ್ಲಿ ತನ್ನ ಹೆಸರಿನ ಅಗ್ಗದ ಗಿಟಾರುಗಳನ್ನೂ ಮಾಡುತ್ತದೆ, ಅದಕ್ಕಿಂತ ಎಷ್ಟೋ ಪಟ್ಟು ಬೆಲೆಯ ಅಮೆರಿಕದ ಪಿಆರ್‌ಎಸ್ ಕಂಪನಿಯ ಎಸ್‌ಇ ಸರಣಿಯನ್ನೂ ಮಾಡಿಕೊಡುತ್ತದೆ. ಅಮೆರಿಕದ ಫೆಂಡರ್ ಕಂಪನಿ ತನ್ನ ಅಗ್ಗದ ಹೆಸರಾಗಿ 1982ರಲ್ಲಿ ಜಪಾನಿನಲ್ಲಿ ಮಾಡಿಸಿದ ಸ್ಕ್ವಾಯರ್‌ಗಳನ್ನು ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಯಂತ್ರದ ಕೆಲಸ ಮುಗಿದ ಮೇಲೆ ಆ ನೆಕ್ ಎಷ್ಟು ಹೊತ್ತು ಒಬ್ಬ ನುರಿತ ಕೆಲಸಗಾರನ ಕೈಯಲ್ಲಿತ್ತು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಫ್ರೆಟ್ ಮತ್ತು ನಟ್

ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಸ್ವರ ತಪ್ಪಿದರೆ ಮೇಣ ಕಾಯಿಸಿ ಸರಿಸಿ ಕೂರಿಸಬಹುದು. ಗಿಟಾರಿನ ಫ್ರೆಟ್‌ಗೆ ಆ ಅವಕಾಶವಿಲ್ಲ. ಗಾಡಿಯಲ್ಲಿ ಒತ್ತಿ ಕೂರಿಸಿದ ಲೋಹದ ಪಟ್ಟಿ ಇದ್ದಲ್ಲೇ ಇರುತ್ತದೆ. ಇಪ್ಪತ್ತೊಂದೋ ಇಪ್ಪತ್ತೆರಡೋ ಫ್ರೆಟ್‌ಗಳ ತಲೆ ಒಂದೇ ಮಟ್ಟದಲ್ಲಿರಬೇಕು. ಒಂದು ಫ್ರೆಟ್ ಪಕ್ಕದ್ದಕ್ಕಿಂತ ಮಿಲಿಮೀಟರಿನ ಹತ್ತನೇ ಒಂದು ಭಾಗ ಎದ್ದಿದ್ದರೂ ಅದರ ಹಿಂದಿನ ಸ್ವರ ಒತ್ತಿದಾಗ ತಂತಿ ತಾಗಿ 'ಝರ್‌' ಎನ್ನುತ್ತದೆ. ಅಗ್ಗದ ಗಿಟಾರಿನವರು ಇದನ್ನು ಮುಚ್ಚಲು ತಂತಿಗಳನ್ನೇ ಎತ್ತರಿಸಿ ಕಳಿಸುತ್ತಾರೆ. ಆಗ ಝರ್ ನಿಲ್ಲುತ್ತದೆ, ಬೆರಳು ನೋಯಲು ಶುರುವಾಗುತ್ತದೆ. ಕಲಿಯುವ ಮಗು ತನಗೇ ಬರುವುದಿಲ್ಲ ಎಂದುಕೊಳ್ಳುತ್ತದೆ.

ನಿಮ್ಮ ಮಗಳಿಗೆ ಇದು ಎಲ್ಲರಿಗಿಂತ ಹೆಚ್ಚು ಮುಖ್ಯ. ಗಮಕಕ್ಕಾಗಿ ತಂತಿಯನ್ನು ಅಡ್ಡಲಾಗಿ ಎಳೆದಾಗ ಅದು ಬೆರಳಿಡುವ ಪಟ್ಟಿಯ ನಡುವಿನ ಉಬ್ಬಿನ ಕಡೆಗೆ ಸರಿಯುತ್ತದೆ. ಪಟ್ಟಿ ಹೆಚ್ಚು ದುಂಡಾಗಿದ್ದರೆ ತಂತಿ ಮುಂದಿನ ಫ್ರೆಟ್‌ಗಳಿಗೆ ತಾಗಿ ಸ್ವರ ನಡುವೆಯೇ ಸಾಯುತ್ತದೆ. ಪಟ್ಟಿಯ ದುಂಡನ್ನು ರೇಡಿಯಸ್‌ನಿಂದ ಅಳೆಯುತ್ತಾರೆ, ಅಂಕಿ ದೊಡ್ಡದಾದಷ್ಟೂ ಪಟ್ಟಿ ಚಪ್ಪಟೆ. ಫೆಂಡರ್‌ನ ಹಳೆಯ ಕಾಲದ ಸ್ಟ್ರಾಟೊಕ್ಯಾಸ್ಟರ್ ಮಾದರಿಗಳಲ್ಲಿ ಅದು 184 ಮಿ.ಮೀ., ಈಗಿನ ಫೆಂಡರ್, ಸ್ಕ್ವಾಯರ್‌ಗಳಲ್ಲಿ ಸಾಮಾನ್ಯವಾಗಿ 241 ಮಿ.ಮೀ., ಎಪಿಫೋನ್ ಲೆಸ್ ಪಾಲ್‌ನಲ್ಲಿ 305 ಮಿ.ಮೀ., ಯಮಹಾ ಪೆಸಿಫಿಕಾ 112ರಲ್ಲಿ 350 ಮಿ.ಮೀ., ಐಬನೀಜ್ ಜಿಆರ್‌ಎಕ್ಸ್‌ನಲ್ಲಿ 400 ಮಿ.ಮೀ. ಒಂದೂವರೆ, ಎರಡು ಸ್ವರ ದೂರ ಎಳೆಯಬೇಕೆನ್ನುವವರಿಗೆ 305ರ ಮೇಲಿನದು ಅನುಕೂಲ. ಇಲ್ಲಿ ಬೆಲೆಯ ಪ್ರಶ್ನೆಯೇ ಬರುವುದಿಲ್ಲ ನೋಡಿ. ಒಂದೂವರೆ ಲಕ್ಷದ 184 ಮಿ.ಮೀ. ಗಿಟಾರಿಗಿಂತ 20 ಸಾವಿರದ 400 ಮಿ.ಮೀ. ಗಿಟಾರಿನಲ್ಲಿ ಅವಳ ಗಮಕ ಸಲೀಸಾಗಿ ಬರುತ್ತದೆ.

ಫ್ರೆಟ್‌ನ ತುದಿಗಳನ್ನು ಮರೆಯಬೇಡಿ. ದುಬಾರಿ ಗಿಟಾರಿನಲ್ಲಿ ಪ್ರತಿ ತುದಿಯನ್ನೂ ಅರದಿಂದ ದುಂಡಗೆ ಉಜ್ಜಿ ನಯ ಮಾಡಿರುತ್ತಾರೆ. ಸುಮಾರು ನಲವತ್ತನಾಲ್ಕು ತುದಿ, ಒಂದೊಂದಕ್ಕೂ ಕೈಕೆಲಸ. ಅಗ್ಗದ್ದರಲ್ಲಿ ಎಲ್ಲವನ್ನೂ ಒಟ್ಟಿಗೆ ಓರೆಯಾಗಿ ಉಜ್ಜಿ ಬಿಟ್ಟಿರುತ್ತಾರೆ. ಇದರ ಜತೆಗೆ ಹವೆಯ ಪ್ರಶ್ನೆಯೂ ಇದೆ. ಕಡಲ ತೀರದ ತೇವದಲ್ಲಿ ತಯಾರಾದ ನೆಕ್ ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಬಂದರೆ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಫ್ರೆಟ್ ತುದಿಗಳು ಹೊರಗೆ ಇಣುಕಿ ಅಂಗೈಯನ್ನು ಗರಗಸದಂತೆ ಕೆರೆಯುತ್ತವೆ. ದಾವಣಗೆರೆಯಲ್ಲಿ ನಿಮಗಿದು ಆಗಬಹುದು. ಗಾಬರಿ ಬೇಡ, ಅರ್ಧ ದಿನದ ಕೆಲಸ ಅದು, ಒಮ್ಮೆ ಉಜ್ಜಿಸಿದರೆ ಮತ್ತೆ ಕಾಡುವುದು ಅಪರೂಪ. ಗಿಟಾರನ್ನು ಚೀಲದೊಳಗೇ ಇಟ್ಟು, ಫ್ಯಾನ್ ಗಾಳಿ, ಕಿಟಕಿಯ ಬಿಸಿಲು ನೇರ ಬೀಳದಂತೆ ನೋಡಿಕೊಂಡರೆ ಸಾಕು.

ಇನ್ನು ನಟ್. ತಲೆಯ ಕಡೆ ತಂತಿಗಳು ಕೂರುವ, ಆರು ಗಾಡಿಗಳಿರುವ ಪುಟ್ಟ ಬಿಳಿ ಪಟ್ಟಿ ಅದು. ಅಗ್ಗದ ಗಿಟಾರಿನಲ್ಲಿ ಇದು ಟೊಳ್ಳು ಪ್ಲಾಸ್ಟಿಕ್ಕಿನದು, ಗಾಡಿಗಳು ಬೇಕಾದ್ದಕ್ಕಿಂತ ಎತ್ತರ. ಪರಿಣಾಮ ಎರಡು. ಮೊದಲ ಮೂರು ಫ್ರೆಟ್‌ಗಳಲ್ಲಿ ಒತ್ತಿದಾಗ ತಂತಿ ಹೆಚ್ಚು ಹಿಗ್ಗಿ ಸ್ವರ ಮೇಲಕ್ಕೇರುತ್ತದೆ. ಟ್ಯೂನರ್ ಸರಿ ಎನ್ನುತ್ತದೆ, ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿದರೆ ಮಾತ್ರ ಅಪಸ್ವರ. ವೀಣೆ ಕೇಳಿ ಬೆಳೆದ ಕಿವಿಗೆ ಇದು ತಕ್ಷಣ ಚುಚ್ಚುತ್ತದೆ. ಎರಡನೆಯದು, ಗಾಡಿ ಬಿಗಿಯಾಗಿದ್ದರೆ ಎಳೆದ ತಂತಿ ವಾಪಸ್ ಬರುವಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಶ್ರುತಿ ನಿಲ್ಲುವುದಿಲ್ಲ ಎಂದು ಜನ ಟ್ಯೂನಿಂಗ್ ಕೀಗಳನ್ನು ಬೈಯುತ್ತಾರೆ, ಬದಲಾಯಿಸಿಯೂ ಬಿಡುತ್ತಾರೆ. ತಿರುಗಿಸುವಾಗ 'ಟಿಂಕ್' ಎಂಬ ಸಣ್ಣ ಸದ್ದು ಕೇಳಿ ಶ್ರುತಿ ಹಠಾತ್ತಾಗಿ ಹಾರಿದರೆ ತಪ್ಪು ನಟ್‌ನದು. ಗಾಡಿಯಲ್ಲಿ ಮೆತ್ತನೆಯ ಪೆನ್ಸಿಲ್‌ನ ಸೀಸದ ಪುಡಿ ತುಂಬಿದರೆ ತಾತ್ಕಾಲಿಕ ಪರಿಹಾರ. ಮೂಳೆಯ ನಟ್ ಕೂರಿಸಿ ಗಾಡಿಗಳನ್ನು ತಂತಿಯ ದಪ್ಪಕ್ಕೆ ತಕ್ಕಂತೆ ಕೊರೆಸಿದರೆ ಶಾಶ್ವತ ಪರಿಹಾರ. ಮೂಳೆಯ ತುಂಡಿನ ಬೆಲೆ ಕೆಲವು ನೂರು ರೂಪಾಯಿ, ಉಳಿದದ್ದು ಕೂಲಿ. ಅಗ್ಗದ ಗಿಟಾರಿಗೆ ಹಾಕುವ ದುಡ್ಡಿನಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ಖರ್ಚು ಬೇರೊಂದಿಲ್ಲ.

ಪಿಕಪ್ ಬದಲಾಯಿಸಿದರೆ?

ಅಗ್ಗದ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ನಲ್ಲಿ ಉಕ್ಕಿನ ಮೊಳೆಗಳ ಕೆಳಗೆ ಸೆರಾಮಿಕ್ ಅಯಸ್ಕಾಂತದ ಪಟ್ಟಿ ಅಂಟಿಸಿರುತ್ತಾರೆ. ಬೆಲೆಯುಳ್ಳದ್ದರಲ್ಲಿ ಆ ಮೊಳೆಗಳೇ ಆಲ್ನಿಕೋ ಎಂಬ ಮಿಶ್ರಲೋಹದ ಅಯಸ್ಕಾಂತ. ಸೆರಾಮಿಕ್‌ನ ನಾದ ಸ್ವಲ್ಪ ಚೂಪು, ಆಲ್ನಿಕೋದ್ದು ಸ್ವಲ್ಪ ಮೃದು. ವ್ಯತ್ಯಾಸ ನಿಜ, ಆದರೆ ಸೆರಾಮಿಕ್ ಎಂದರೆ ಕಳಪೆ ಎಂದಲ್ಲ. ಗಡುಸು ನಾದ ಬೇಕಾದಲ್ಲಿ ದುಬಾರಿ ಪಿಕಪ್‌ಗಳೂ ಅದನ್ನೇ ಬಳಸುತ್ತವೆ. ನಟ್ ಎತ್ತರವಿದ್ದು, ಫ್ರೆಟ್ ಏರುಪೇರಾಗಿರುವ ಗಿಟಾರಿಗೆ ಎಂಟು-ಹತ್ತು ಸಾವಿರದ ಪಿಕಪ್ ಹಾಕಿದರೆ ಅಪಸ್ವರವೇ ಇನ್ನಷ್ಟು ಸ್ಪಷ್ಟವಾಗಿ ಕೇಳುತ್ತದೆ. ಸ್ನೇಹಿತನ ಸಲಹೆಯಲ್ಲಿ ತಪ್ಪಿರುವುದು ಕ್ರಮದಲ್ಲಿ. ಪಿಕಪ್ ಕೊನೆಗೆ ಬರಬೇಕು, ಅದೂ ಬೇಕೆನಿಸಿದರೆ.

ಅದಕ್ಕೂ ಮೊದಲು ಒಂದು ಸ್ಕ್ರೂ ಡ್ರೈವರ್ ಹಿಡಿದು ಪಿಕಪ್ ಎತ್ತರ ನೋಡಿ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ದಪ್ಪ ತಂತಿಗೂ ಪಿಕಪ್ಪಿಗೂ ಸುಮಾರು 2 ಮಿ.ಮೀ., ಸಣ್ಣ ತಂತಿಗೂ ಪಿಕಪ್ಪಿಗೂ 1.6 ಮಿ.ಮೀ. ಅಂತರವಿರಲಿ. ಕಾರ್ಖಾನೆಯಿಂದ ಬಂದದ್ದು ಎಷ್ಟೋ ಸಲ ತೀರಾ ಕೆಳಗಿರುತ್ತದೆ, ನಾದ ಸಪ್ಪೆ ಎನಿಸುತ್ತದೆ. ತೀರಾ ಮೇಲಿದ್ದರೆ, ಅದರಲ್ಲೂ ಆಲ್ನಿಕೋ ಇದ್ದರೆ, ಅಯಸ್ಕಾಂತವೇ ತಂತಿಯನ್ನು ಎಳೆದು ಸ್ವರ ಅಲುಗುತ್ತದೆ.

ವಾಲ್ಯೂಮ್, ಟೋನ್ ಗುಂಡಿಗಳ ಒಳಗಿನ ತಿರುಗುವ ಭಾಗಗಳಾದ ಪಾಟ್‌ಗಳು, ಐದು ಹಂತದ ಸ್ವಿಚ್, ಕೇಬಲ್ ಜ್ಯಾಕ್: ಅಗ್ಗದ ಗಿಟಾರಿನಲ್ಲಿ ವರ್ಷದೊಳಗೆ ಕೈಕೊಡುವುದು ಹೆಚ್ಚಾಗಿ ಇವೇ. ತಿರುಗಿಸಿದರೆ ಕರಕರ ಎಂದರೆ ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಸಲ ತಿರುಗಿಸಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡ, ಅದು ಧೂಳು ಹಿಡಿದಿಟ್ಟು ಇನ್ನೂ ಕೆಡಿಸುತ್ತದೆ. ಪಾಟ್ ಬದಲಿಸುವುದಾದರೆ ಸಿಂಗಲ್ ಕಾಯಿಲ್‌ಗೆ 250 ಕಿಲೋಓಮ್, ಎರಡು ಸುರುಳಿಯ ಹಂಬಕರ್ ಪಿಕಪ್‌ಗೆ 500 ಕಿಲೋಓಮ್. ಕೊಳ್ಳುವ ಮೊದಲು ಪಾಟ್‌ನ ಕತ್ತಿನ ದಪ್ಪ ಅಳೆಯಿರಿ. ಅಗ್ಗದ ಗಿಟಾರಿನ ಪಿಕ್‌ಗಾರ್ಡ್ (ಮುಂದಿನ ಪ್ಲಾಸ್ಟಿಕ್ ಹಲಗೆ) ರಂಧ್ರ ಚಿಕ್ಕದಿರುತ್ತದೆ, ದೊಡ್ಡ ಪಾಟ್ ಕೂರಿಸಲು ಅದನ್ನು ಅಗಲಿಸಬೇಕಾಗುತ್ತದೆ.

ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಟ್ರೆಮೊಲೊ ಬ್ರಿಡ್ಜ್ (ದಿಮ್ಮಿಯ ಮೇಲೆ ತಂತಿಗಳು ಕೂರುವ, ಹಿಡಿಯಿಂದ ಅಲುಗಿಸಬಹುದಾದ ಲೋಹದ ಭಾಗ) ಬಗ್ಗೆಯೂ ಎಚ್ಚರ ಬೇಕು. ಅಗ್ಗದ್ದರ ಕೆಳಗಿನ ಬ್ಲಾಕ್ ತೆಳು ಸತುವಿನ ಮಿಶ್ರಲೋಹದ್ದು. ಅದನ್ನು ದಪ್ಪ ಉಕ್ಕಿನ ಬ್ಲಾಕ್‌ಗೆ ಬದಲಾಯಿಸಿ ಎನ್ನುವವರಿದ್ದಾರೆ. ಆದರೆ ಹಲವು ಅಗ್ಗದ ಮಾದರಿಗಳ ದಿಮ್ಮಿಯೇ 40 ಮಿ.ಮೀ. ಆಸುಪಾಸಿನದು, ಮಾಮೂಲಿನದು 44-45. ಪೂರ್ತಿ ಉದ್ದದ ಬ್ಲಾಕ್ ಹಾಕಿದರೆ ಹಿಂದಿನಿಂದ ಹೊರಬರುತ್ತದೆ. ನಿಮ್ಮ ಮಗಳು ತಂತಿಯನ್ನು ಬೆರಳಿನಿಂದಲೇ ಎಳೆಯುವವಳು, ಟ್ರೆಮೊಲೊ ಹಿಡಿ ಬೇಕಾಗುವುದಿಲ್ಲ. ಬ್ರಿಡ್ಜ್ ತೇಲುತ್ತಿದ್ದರೆ ಒಂದು ತಂತಿ ಎಳೆದಾಗ ಉಳಿದ ಐದೂ ಇಳಿಯುತ್ತವೆ. ಹಿಂದಿನ ಮುಚ್ಚಳ ತೆಗೆದು ಐದೂ ಸ್ಪ್ರಿಂಗ್ ಹಾಕಿ, ಎರಡು ಉದ್ದ ಸ್ಕ್ರೂ ಬಿಗಿ ಮಾಡಿ ಬ್ರಿಡ್ಜ್ ದಿಮ್ಮಿಗೆ ಒತ್ತಿ ಕೂರುವಂತೆ ಮಾಡಿಸಿ. ಇಲ್ಲವೇ ಮೊದಲೇ ಸ್ಥಿರ ಬ್ರಿಡ್ಜ್ ಇರುವ ಮಾದರಿ ಆರಿಸಿ.

85 ಸಾವಿರಕ್ಕೆ ಏನು ಸಿಗುತ್ತದೆ

ಸಿಗುವುದಿದೆ, ಇಲ್ಲವೆನ್ನಲಾಗದು. ಒಣಗಿದ, ಆರಿಸಿದ ನೆಕ್. ಎರಡೂ ದಿಕ್ಕಿಗೆ ಕೆಲಸ ಮಾಡುವ ಟ್ರಸ್ ರಾಡ್, ಎಂದರೆ ನೆಕ್‌ನ ಬಾಗು ಸರಿಪಡಿಸುವ ಒಳಗಿನ ಲೋಹದ ಸಲಾಕೆ. ಮಟ್ಟಸ ಫ್ರೆಟ್, ನಯವಾದ ತುದಿ. ವರ್ಷಗಟ್ಟಲೆ ಸಡಿಲವಾಗದ ಕೀ, ಹತ್ತು ವರ್ಷ ಬಾಳುವ ಸ್ವಿಚ್. ಮತ್ತೆ, ಮಾರಿದರೆ ಒಳ್ಳೆಯ ಬೆಲೆ. ವಾರಕ್ಕೆ ಮೂರು ಕಾರ್ಯಕ್ರಮ ಕೊಡುವ ಆರ್ಕೆಸ್ಟ್ರಾದವರಿಗೆ ಇದು ಬೇಕೇ ಬೇಕು. ವೇದಿಕೆಯ ಮೇಲೆ ಜ್ಯಾಕ್ ಕೈಕೊಟ್ಟರೆ ಅವರ ಅನ್ನಕ್ಕೇ ಕುತ್ತು. ಉಳಿದ ದುಡ್ಡು ಹೆಸರಿಗೆ, ಆಮದು ಸುಂಕಕ್ಕೆ, ಸಾಗಾಟಕ್ಕೆ, ಅಂಗಡಿಯ ಲಾಭಕ್ಕೆ ಹೋಗುತ್ತದೆ. 15ರಿಂದ 30 ಸಾವಿರಕ್ಕೆ ಏರಿದಾಗ ಕೈಗೆ ತಿಳಿಯುವ ಸುಧಾರಣೆ ದೊಡ್ಡದು. 30ರಿಂದ 85ಕ್ಕೆ ಏರಿದಾಗಿನದು ಅದಕ್ಕಿಂತ ಕಡಿಮೆ. ಲಕ್ಷದ ಮೇಲೆ ಹೋದಂತೆ ಅದು ಇನ್ನೂ ಸಣ್ಣದಾಗುತ್ತದೆ. ಆದರೆ ಐದಾರು ಸಾವಿರದ, ಹೆಸರಿಲ್ಲದ, ಆಂಪ್-ಬೆಲ್ಟ್-ಬ್ಯಾಗ್ ಎಲ್ಲ ಸೇರಿಸಿ ಕೊಡುವ ಕಿಟ್‌ಗಳ ಹತ್ತಿರ ಹೋಗಬೇಡಿ. ಸರಿಪಡಿಸಲು ತಗಲುವ ಖರ್ಚು ಗಿಟಾರಿನ ಬೆಲೆಯನ್ನೇ ಮೀರುತ್ತದೆ.

ಅಂಗಡಿಯಲ್ಲಿ ಕಾಲು ಗಂಟೆ

ಒಂದು ಉಕ್ಕಿನ ಸ್ಕೇಲ್, ಫೋನಿನಲ್ಲಿ ಟ್ಯೂನರ್ ಆ್ಯಪ್, ಹಳೆಯ ತಂತಿಯೊಂದರ ತುಂಡು ಜತೆಗಿರಲಿ. ಒಂದೇ ಮಾದರಿಯ ಎರಡು-ಮೂರು ಗಿಟಾರ್ ತೆಗೆಸಿ. ಅಗ್ಗದ ಮಾದರಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ಕೆಲವೊಮ್ಮೆ ಬ್ರ್ಯಾಂಡ್‌ಗಳ ನಡುವಿನದಕ್ಕಿಂತ ಹೆಚ್ಚು.

ಮೊದಲು ನೆಕ್. ಗಿಟಾರನ್ನು ಬಂದೂಕಿನಂತೆ ಹಿಡಿದು ತಲೆಯ ಕಡೆಯಿಂದ ಉದ್ದಕ್ಕೂ ನೋಡಿ. ನಟ್‌ನ ಗೆರೆಯೂ ಕೊನೆಯ ಫ್ರೆಟ್‌ನ ಗೆರೆಯೂ ಸಮಾನಾಂತರವಾಗಿರಬೇಕು. ಒಂದು ಕಡೆ ವಾಲಿದ್ದರೆ ನೆಕ್ ತಿರುಚಿದೆ. ಕೆಳಗಿಟ್ಟು ಮುಂದಿನದನ್ನು ತೆಗೆದುಕೊಳ್ಳಿ, ಇದಕ್ಕೆ ಮದ್ದಿಲ್ಲ. ಎರಡೂ ಅಂಚಿನ ತಂತಿಗಳು ಪಟ್ಟಿಯ ಅಂಚಿನಿಂದ ಹೆಚ್ಚೂಕಡಿಮೆ ಸಮ ದೂರದಲ್ಲಿರಬೇಕು. ಒಂದು ಜಾರಿ ಬೀಳುವಂತಿದ್ದರೆ ಬ್ರಿಡ್ಜ್ ಅಥವಾ ನೆಕ್ ಸೊಟ್ಟಗೆ ಕೂತಿದೆ. ಫೆಂಡರ್ ಅಳತೆಯ ಗಿಟಾರಿನಲ್ಲಿ ನಟ್‌ನಿಂದ 12ನೇ ಫ್ರೆಟ್‌ಗೆ 324 ಮಿ.ಮೀ. ಅಲ್ಲಿಂದ ಸಣ್ಣ ತಂತಿಯ ಸ್ಯಾಡಲ್‌ಗೂ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಣುಕು) ಅಷ್ಟೇ, ಒಂದೆರಡು ಮಿಲಿಮೀಟರ್ ಹೆಚ್ಚು. ಸ್ಯಾಡಲ್ ಸರಿಸಿ ಮುಟ್ಟಲಾಗದಷ್ಟು ವ್ಯತ್ಯಾಸವಿದ್ದರೆ ಅದೂ ಬೇಡ. ಟ್ರಸ್ ರಾಡ್ ತಿರುಗುತ್ತದೆಯೇ ಎಂದು ಅಂಗಡಿಯವರಿಂದಲೇ ಅಲೆನ್ ಕೀ ಹಾಕಿಸಿ ನೋಡಿ. ಮಿಸುಕದಿದ್ದರೆ ಕೊಳ್ಳಬೇಡಿ.

ಆಮೇಲೆ ಸಣ್ಣ ತಂತಿಯಿಂದ ಶುರುಮಾಡಿ ಆರೂ ತಂತಿಗಳಲ್ಲಿ, ಪ್ರತಿ ಫ್ರೆಟ್‌ನಲ್ಲಿ ಒಂದೊಂದು ಸ್ವರ, ಆಂಪ್ ಇಲ್ಲದೆ. ಮಗಳೇ ನುಡಿಸಲಿ. 10ರಿಂದ 17ನೇ ಫ್ರೆಟ್‌ವರೆಗೆ ಮೊದಲ ಎರಡು ತಂತಿಗಳನ್ನು ಪೂರ್ತಿ ಒಂದು ಸ್ವರ ಎಳೆದು ಹಿಡಿಯಲಿ. ಎಲ್ಲಿ ಸಾಯುತ್ತದೆ ಎಂದು ಗುರುತಿಟ್ಟುಕೊಳ್ಳಿ. ಒಂದೆರಡು ಕಡೆಯಾದರೆ ಫ್ರೆಟ್ ಮಟ್ಟ ಮಾಡಿಸಿದರೆ ಹೋಗುತ್ತದೆ, ಎಲ್ಲ ಕಡೆಯಾದರೆ ಬೇರೆ ಗಿಟಾರ್ ನೋಡಿ. ನಟ್ ಪರೀಕ್ಷೆಗೆ ತಂತಿಯನ್ನು 2 ಮತ್ತು 3ನೇ ಫ್ರೆಟ್ ನಡುವೆ ಒತ್ತಿ, ಮೊದಲ ಫ್ರೆಟ್ ಮೇಲೆ ಎಷ್ಟು ಸಂದು ಉಳಿಯಿತೆಂದು ನೋಡಿ. ನೋಟ್‌ಬುಕ್ಕಿನ ಹಾಳೆ ಜಾರುವಷ್ಟಿದ್ದರೆ ಸರಿ. ಮದುವೆ ಪತ್ರಿಕೆ ತೂರುವಷ್ಟಿದ್ದರೆ ನಟ್ ಕೆಲಸ ಬಾಕಿಯಿದೆ, ಆದರೆ ಅದೊಂದೇ ಕಾರಣಕ್ಕೆ ಗಿಟಾರ್ ಬಿಡಬೇಕಿಲ್ಲ. ಬಣ್ಣದ ಚುಕ್ಕೆ, ಪಿಕ್‌ಗಾರ್ಡ್ ಗೀರು ಇವುಗಳನ್ನು ಚೌಕಾಸಿಗೆ ಬಳಸಿಕೊಳ್ಳಿ.

ತಂದ ಮೇಲೆ ಸೆಟಪ್, ಎಂದರೆ ನುಡಿಸಲು ಹದಗೊಳಿಸುವುದು. ಗಮಕಕ್ಕೆ 09-42 ತಂತಿ (ಅತಿ ಸಣ್ಣದು 0.009 ಇಂಚು, ಅತಿ ದಪ್ಪದ್ದು 0.042 ಇಂಚು) ಹಾಕಿಸಿ. ಮೊದಲನೇ ಫ್ರೆಟ್‌ಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ದಿಮ್ಮಿಗೆ ಸೇರುವಲ್ಲಿ ದಪ್ಪ ತಂತಿ ಒತ್ತಿ, 7-8ನೇ ಫ್ರೆಟ್ ಮೇಲೆ ಸಂದು ನೋಡಬೇಕು. ಸುಮಾರು 0.25 ಮಿ.ಮೀ. ಇರಬೇಕು. 010ರ (0.010 ಇಂಚಿನ) ಸಣ್ಣ ತಂತಿಯ ದಪ್ಪ ಅಷ್ಟೇ, ಆ ತುಂಡನ್ನೇ ಅಳತೆಗೋಲಾಗಿ ತೂರಿಸಿ. ಸಂದು ಹೆಚ್ಚಿದ್ದರೆ ಟ್ರಸ್ ರಾಡನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಎಂಟನೇ ಒಂದು ಸುತ್ತು, ಮತ್ತೆ ಶ್ರುತಿ, ಮತ್ತೆ ಅಳತೆ. ಒಂದೇ ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಬಲವಂತ ಮಾಡಿದರೆ ರಾಡ್ ತುಂಡಾಗುತ್ತದೆ, ಅಲ್ಲಿಗೆ ನೆಕ್ ಕಥೆ ಮುಗಿಯಿತು. ಆಮೇಲೆ 12ನೇ ಫ್ರೆಟ್ ಮೇಲೆ ದಪ್ಪ ತಂತಿಯ ಎತ್ತರ 2 ಮಿ.ಮೀ., ಸಣ್ಣದರದು 1.6 ಮಿ.ಮೀ. ಕೊನೆಗೆ 12ನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ, ಮುಟ್ಟಿಯಷ್ಟೇ ಮೀಟಿದ ಸ್ವರ) ಮತ್ತು ಒತ್ತಿದ ಸ್ವರ ಹೋಲಿಸುವುದು. ಒತ್ತಿದ್ದು ಏರಿದ್ದರೆ ಸ್ಯಾಡಲನ್ನು ನಟ್‌ನಿಂದ ದೂರಕ್ಕೆ, ಇಳಿದಿದ್ದರೆ ಹತ್ತಿರಕ್ಕೆ ಸರಿಸಬೇಕು. ಮೊದಲ ಸಲ ಇದನ್ನು ರಿಪೇರಿಯವರ ಕೈಯಲ್ಲಿ ಮಾಡಿಸಿ, ಮಗಳು ಪಕ್ಕದಲ್ಲಿ ಕೂತು ನೋಡಲಿ. ಮುಂದೆ ಮಳೆಗಾಲ, ಬೇಸಿಗೆ ಬದಲಾದಾಗ ಅವಳೇ ಮಾಡಿಕೊಳ್ಳಬಲ್ಲಳು.

ನಿಮ್ಮ 35 ಸಾವಿರ

ಗಿಟಾರಿಗೆ 18-20 ಸಾವಿರ. ಆಂಪ್‌ಗೆ 9-10 ಸಾವಿರ. ಸೆಟಪ್, ಮೂಳೆ ನಟ್, ಫ್ರೆಟ್ ತುದಿಗೆ ಮೂರು ಸಾವಿರದಷ್ಟು; ಊರಿಗೂ ಕೆಲಸಗಾರರಿಗೂ ತಕ್ಕಂತೆ ಹೆಚ್ಚುಕಡಿಮೆ ಆಗಬಹುದು. ಕೇಬಲ್, ಬ್ಯಾಗ್, ಬೆಲ್ಟ್, ಎರಡು ಜತೆ ತಂತಿಗೆ ಎರಡು-ಎರಡೂವರೆ ಸಾವಿರ. ಆಂಪ್ ದುಡ್ಡನ್ನು ಕತ್ತರಿಸಿ ಗಿಟಾರಿಗೆ ಸೇರಿಸುವ ಆಸೆ ಬರುತ್ತದೆ, ಬೇಡ. ಮೂರು ಇಂಚಿನ ಸ್ಪೀಕರಿನ ಆಟಿಕೆಯಂಥ ಆಂಪ್‌ನಲ್ಲಿ 85 ಸಾವಿರದ ಗಿಟಾರೂ ತಗಡಿನಂತೆ ಕೇಳುತ್ತದೆ. ಕನಿಷ್ಠ ಆರರಿಂದ ಎಂಟು ಇಂಚಿನ ಸ್ಪೀಕರ್, ಹೆಡ್‌ಫೋನ್ ಜ್ಯಾಕ್ ಇರಲಿ. ಪರೀಕ್ಷೆ ಓದುವ ಮನೆಯಲ್ಲಿ ಅದು ಎಲ್ಲರಿಗೂ ಒಳ್ಳೆಯದು.

ಆಂಪ್ ಸ್ವಲ್ಪ ದಿನ ಬೇಡವೆಂದರೆ ಗಿಟಾರನ್ನೇ 28-30 ಸಾವಿರದ ಮಟ್ಟದಲ್ಲಿ ಕೊಂಡು, ಹೆಡ್‌ಫೋನಿನಲ್ಲಿ ನುಡಿಸುವ ಪುಟ್ಟ ಪ್ಲಗ್-ಇನ್ ಆಂಪ್ ಇಟ್ಟುಕೊಳ್ಳಬಹುದು. ನಟ್, ಫ್ರೆಟ್ ಕೆಲಸ ಇಲ್ಲಿ ಕಡಿಮೆ ಬೇಕಾಗುತ್ತದೆ. ಆದರೆ ಸಪ್ಪೆ ನಾದಕ್ಕೆ ಹುಡುಗಿಯ ಉತ್ಸಾಹ ಇಳಿಯುವ ಅಪಾಯ ಇದ್ದೇ ಇದೆ. ನಾನು ಮೊದಲ ದಾರಿಯ ಪರ.

ಸೆಕೆಂಡ್ ಹ್ಯಾಂಡ್ ಒಳ್ಳೆಯ ದಾರಿ, ಗೊತ್ತಿರುವವರು ಜತೆಗಿದ್ದರೆ. ಹೊಸದರಲ್ಲಿ 30-35 ಸಾವಿರದ್ದು 20ರ ಆಸುಪಾಸಿನಲ್ಲಿ ಸಿಗಬಹುದು. ಮೊದಲ ಐದು ಫ್ರೆಟ್‌ಗಳಲ್ಲಿ ಸಣ್ಣ ತಂತಿಗಳ ಕೆಳಗೆ ಹಳ್ಳ ಬಿದ್ದಿದೆಯೇ ನೋಡಿ. ಉಗುರಿಗೆ ಸಿಕ್ಕುವಷ್ಟಿದ್ದರೆ ಮಟ್ಟ ಮಾಡಿಸಬೇಕು, ಫ್ರೆಟ್ ಅರ್ಧದಷ್ಟು ಸವೆದಿದ್ದರೆ ಪೂರ್ತಿ ಬದಲಿಸಬೇಕು, ಅದರ ಖರ್ಚು ಉಳಿತಾಯವನ್ನೆಲ್ಲ ನುಂಗುತ್ತದೆ. ಗಿಬ್ಸನ್, ಫೆಂಡರ್ ಹೆಸರಿನದು ನಂಬಲಾಗದಷ್ಟು ಅಗ್ಗಕ್ಕೆ ಬಂದರೆ ನಕಲಿ ಎಂದೇ ತಿಳಿಯಿರಿ. ಸೀರಿಯಲ್ ನಂಬರ್ ಇದೆ ಎಂಬುದು ಸಾಕ್ಷಿಯಲ್ಲ, ನಕಲಿಯವರು ಅದನ್ನೂ ಅಚ್ಚು ಹಾಕುತ್ತಾರೆ. ಮೇಪಲ್ ಚಿತ್ತಾರದ ಮೇಲ್ಮೈ ಎಷ್ಟೋ ಸಲ ತೆಳು ಪದರವೋ ಮುದ್ರಿತ ಹಾಳೆಯೋ ಆಗಿರುತ್ತದೆ, ಅದಕ್ಕಾಗಿ ಹೆಚ್ಚು ಕೊಡಬೇಡಿ.

ಆಂಪ್ ಜೋಡಿಸುವಾಗ ಮನೆಯ ಅರ್ಥಿಂಗ್ ನೋಡಿಸಿ. ತಂತಿ ಮುಟ್ಟಿದಾಗ ಗುಂಯ್ ಎನ್ನುವ ಸದ್ದು ಕಡಿಮೆಯಾದರೆ ಅದು ಸಹಜ, ಗಿಟಾರಿನ ಗ್ರೌಂಡ್ ವೈರ್ ಕೆಲಸ ಮಾಡುತ್ತಿದೆ ಎಂದರ್ಥ. ಮುಟ್ಟಿದಾಗ ಬೆರಳು ಜುಮ್ಮೆಂದರೆ ಮಾತ್ರ ಅಲ್ಲಿಗೇ ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಅದು ಗಿಟಾರಿನ ದೋಷವಲ್ಲ. ಆಂಪ್‌ನಿಂದಲೋ ಪ್ಲಗ್ ಪಾಯಿಂಟಿನಿಂದಲೋ ಸೋರಿಕೆಯಾಗುತ್ತಿದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ ಎಂದೂ ನುಡಿಸಬಾರದು.